ಮರಕಸಿಯ ಕೊಂಬೆಯಿಂದ ಕಾಫಿಯ ಬುಡಕ್ಕೆ

ಕೊಡಗಿನ ತಡಿಯಂಡಮೋಳ್ ಬೆಟ್ಟದ ತಪ್ಪಲಿನ ಕಕ್ಕಬೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಯ್ಯುವ ಮಳೆಗೆ ಹಾಕಿದ ಗೊಬ್ಬರ ತೋಟದಲ್ಲಿ ಉಳಿಯುವುದೇ ಕಷ್ಟ. ಸಾರಜನಕ, ಪೊಟ್ಯಾಷ್ ನೀರಿನ ಜೊತೆ ಇಳಿದು ಹೋಗುತ್ತವೆ. ಸುಣ್ಣದಂಶವೂ ತೊಳೆದುಹೋಗಿ ಮಣ್ಣು ಹುಳಿಯಾಗುತ್ತದೆ. ಮಣ್ಣಿಗೆಂದೇ ಸುಟ್ಟು ಮಾಡಿದ ಇದ್ದಿಲು, ಅಂದರೆ ಬಯೋಚಾರ್, ಕೆಲಸಕ್ಕೆ ಬರುವುದು ಇಂಥ ಮಣ್ಣಿನಲ್ಲೇ. ಜಗತ್ತಿನ ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ 2017ರ ಅಧ್ಯಯನವೊಂದರಲ್ಲಿ ಉಷ್ಣವಲಯದಲ್ಲಿ ಇಳುವರಿ ಸರಾಸರಿ ಶೇ. 25ರಷ್ಟು ಹೆಚ್ಚಿತ್ತು, ಸಮಶೀತೋಷ್ಣ ದೇಶಗಳ ಫಲವತ್ತಾದ ಹೊಲಗಳಲ್ಲಿ ಏನೂ ಲಾಭವಾಗಿರಲಿಲ್ಲ. ಹುಳಿ ಮಣ್ಣಿಗೇ ಇದರ ಗುಣ ಹಿಡಿಯುವುದು.

ಗಾಳಿ ಸಾಲದೆ ಉರಿದ ಮರದಿಂದ ಅನಿಲಗಳು ಹೊರಟುಹೋಗಿ ಇಂಗಾಲದ ಹಂದರ ಉಳಿಯುತ್ತದೆ. ಅದರ ಕಣ್ಣಿಗೆ ಕಾಣದ ರಂಧ್ರಗಳಲ್ಲಿ ನೀರು ನಿಲ್ಲುತ್ತದೆ, ಮೇಲ್ಮೈಗೆ ಪೋಷಕಾಂಶ ಅಂಟಿಕೊಳ್ಳುತ್ತದೆ. ಎಲೆಗೊಬ್ಬರದಂತೆ ಕೆಲವೇ ವರ್ಷಗಳಲ್ಲಿ ಕರಗಿಹೋಗದೆ ಬಹುಕಾಲ ಮಣ್ಣಿನಲ್ಲೇ ಇರುತ್ತದೆ. ಆದರೆ ಅದೇ ಗೊಬ್ಬರವಲ್ಲ. ಹಸಿ ಇದ್ದಿಲನ್ನು ಹಾಗೇ ಬುಡಕ್ಕೆ ಸುರಿದರೆ ಗಿಡಕ್ಕೆ ಸಿಗಬೇಕಾದ ಸಾರಜನಕವನ್ನು ಮೊದಲು ತಾನೇ ಹಿಡಿದಿಟ್ಟುಕೊಂಡು ಎಲೆ ಹಳದಿಯಾಗುವಂತೆ ಮಾಡೀತು. ಪುಡಿ ಮಾಡಿ ಹಟ್ಟಿಗೊಬ್ಬರ, ಗಂಜಲ ಅಥವಾ ಸಗಣಿ ಬಗ್ಗಡದಲ್ಲಿ ಎರಡು ಮೂರು ವಾರ ಕಲಸಿಟ್ಟ ಮೇಲೆಯೇ ತೋಟಕ್ಕೆ ಒಯ್ಯಬೇಕು. ಪುಡಿ ಮಾಡುವ ಮುಂಚೆ ನೀರು ಚಿಮುಕಿಸಿಕೊಳ್ಳಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಸುಡಲು ಡ್ರಮ್ಮೇ ಬೇಕೆಂದಿಲ್ಲ. ಬಾಯಿ ಅಗಲ, ತಳ ಕಿರಿದಾದ ನಾಲ್ಕೈದು ಅಡಿಯ ಗುಂಡಿ ಸಾಕು. ತಳದಲ್ಲಿ ಒಣ ಪುಳ್ಳೆ ಇಟ್ಟು ಮೇಲಿನಿಂದ ಬೆಂಕಿ ಕೊಡಿ. ಮೇಲಿನ ಕೊಳ್ಳಿಗಳಿಗೆ ಬಿಳಿ ಬೂದಿ ಹಿಡಿಯಲು ಶುರುವಾದ ಕೂಡಲೇ ಇನ್ನೊಂದು ಪದರ ಹರಡಿ. ಮೇಲೆ ಉರಿಯುವ ಜ್ವಾಲೆಯೇ ಗಾಳಿಯನ್ನು ಕಬಳಿಸುವುದರಿಂದ ಕೆಳಗಿನ ಇದ್ದಿಲು ಬೂದಿಯಾಗುವುದಿಲ್ಲ, ಹೊಗೆಯೂ ಉರಿದುಹೋಗುತ್ತದೆ. ಗುಂಡಿ ತುಂಬಿದ ಮೇಲೆ ನೀರು ಹೊಯ್ದು ಪೂರ್ತಿ ನಂದಿಸಿ. ಒಳಗೆ ಒಂದು ಕೆಂಡ ಉಳಿದರೂ ಬೆಳಗಾಗುವಷ್ಟರಲ್ಲಿ ಬರೀ ಬೂದಿ. ಬೇಸಿಗೆಯ ದರಗಿನ ನಡುವೆ ಈ ಕೆಲಸ ಮಾಡುವವರು ಸುತ್ತ ಬೆಂಕಿ ದಾರಿ ಕಡಿದುಕೊಳ್ಳದಿದ್ದರೆ ಪಕ್ಕದ ತೋಟವೂ ಹೋದೀತು.

ಕಚ್ಚಾವಸ್ತು ಎಲ್ಲಿಂದ? ನೂರು ಕಿಲೋ ಒಣ ಕಟ್ಟಿಗೆಗೆ 20–25 ಕಿಲೋ ಇದ್ದಿಲು ಸಿಗುತ್ತದೆ. ಹತ್ತಡಿ ಅಂತರದ ರೋಬಸ್ಟಾ ಎಕರೆಗೆ ಸುಮಾರು 435 ಗಿಡ. ಗಿಡಕ್ಕೆ ಒಂದೇ ಕಿಲೋ ಎಂದರೂ ಎಕರೆಗೆ ಎರಡು ಟನ್ ಸೌದೆ ಬೇಕಾಯಿತು. ಇದಕ್ಕಾಗಿ ಮರ ಕಡಿಯುವುದು ಮೂರ್ಖತನ. ಮರಕಸಿಯಲ್ಲಿ, ಅಂದರೆ ನೆರಳು ಮರ ಸವರುವಾಗ ಬಿದ್ದ, ಒಲೆಗೂ ಬೇಡವಾದ ಸಣ್ಣ ಕೊಂಬೆಗಳು, ಕಸಿ ಮಾಡಿದ ಕಾಫಿ ರೆಕ್ಕೆ, ಬಿಳಿ ಕಾಂಡಕೊರಕ ಹತ್ತಿ ಹೇಗೂ ಕಿತ್ತು ಸುಡಲೇಬೇಕಾದ ಅರೇಬಿಕಾ ಗಿಡಗಳು ಸಾಕು. ಮಳೆಗೆ ಮುಂಚೆ ಕಡಿದ ಕೊಂಬೆ, ರೆಕ್ಕೆಗಳನ್ನು ಶೆಡ್ಡಿನಲ್ಲಿಟ್ಟು ಮುಂದಿನ ಬೇಸಿಗೆಯಲ್ಲಿ ಸುಡುವುದು ಲೇಸು. ಕೊರಕ ಹತ್ತಿದ ಗಿಡವನ್ನು ಹಾಗೆ ಇಟ್ಟುಕೊಳ್ಳದೆ ಕಿತ್ತ ಕೂಡಲೇ ಸುಡಿ. ಕಾಫಿ ಹಣ್ಣಿನ ಸಿಪ್ಪೆಯನ್ನು ಮಾತ್ರ ಸುಡಬೇಡಿ, ಕಾಂಪೋಸ್ಟ್ ಆದರೆ ಅದರ ಬೆಲೆ ಹೆಚ್ಚು. ಇಡೀ ತೋಟಕ್ಕೆ ಹರಡುವ ಬದಲು ಹೊಸ ಗಿಡದ ಗುಂಡಿ, ನರ್ಸರಿ ಚೀಲ, ಕರಿಮೆಣಸಿನ ಬುಡದಿಂದ ಶುರು ಮಾಡಿ, ಹಾಕದ ಒಂದು ಸಾಲನ್ನು ಹೋಲಿಕೆಗೆ ಬಿಡಿ. ಇದ್ದಿಲು ಕ್ಷಾರ ಗುಣದ್ದು. ಸುಣ್ಣ ಹಾಕಿದ ವರ್ಷವೇ ಇದನ್ನೂ ಸುರಿಯುವ ಮುನ್ನ ಮಣ್ಣು ಪರೀಕ್ಷೆ ಮಾಡಿಸಿ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರ ಎರಡೂ ಜಿಲ್ಲೆಯಲ್ಲೇ ಇವೆ.

ಇನ್ನು ಹೊಗೆಯಿಂದ ಇಳಿಸುವ ಹುಳಿನೀರು, ವುಡ್ ವಿನೆಗರ್. ಗುಂಡಿಯಲ್ಲಿ ಉರಿದುಹೋಗುವ ಹೊಗೆಯೇ ಇದಕ್ಕೆ ಬೇಕು, ಹಾಗಾಗಿ ತೆರೆದ ಗುಂಡಿಯಲ್ಲಿ ಇದು ಸಿಗುವುದಿಲ್ಲ. ಮುಚ್ಚಿದ ಡ್ರಮ್ಮಿನಿಂದ ಉದ್ದನೆಯ ಬಿದಿರು ಅಥವಾ ಸ್ಟೀಲ್ ಕೊಳವೆಯಲ್ಲಿ ಹೊಗೆ ಹಾಯಿಸಿ ತಣಿಸಿದರೆ ಕಂದು ನೀರು ತೊಟ್ಟಿಕ್ಕುತ್ತದೆ. ಹೊಗೆಯ ಬಿಸಿ 80ರಿಂದ 150 ಡಿಗ್ರಿ ಸೆಲ್ಸಿಯಸ್ ಇರುವಾಗ ಮಾತ್ರ ಹಿಡಿಯಬೇಕು. ಆಮೇಲೆ ಟಾರು ಹೆಚ್ಚು. ಆ ನೀರನ್ನು ಕನಿಷ್ಠ ಮೂರು ತಿಂಗಳು ಅಲುಗಾಡಿಸದೆ ಇಟ್ಟರೆ ಮೇಲೆ ಎಣ್ಣೆ, ತಳದಲ್ಲಿ ಟಾರು ನಿಂತು, ನಡುವಿನದು ಬಳಕೆಗೆ ದಕ್ಕುತ್ತದೆ. ಅದರಲ್ಲಿ ಅಸಿಟಿಕ್ ಆಮ್ಲ, ಮೆಥನಾಲ್, ಫೀನಾಲ್‌ಗಳಿವೆ. ಪಂದಿಕರಿಗೆ ಕೊಡಗಿನ ಹುಳಿಯಾದ ಕಾಚಂಪುಳಿಯೇ ಇರಲಿ, ಇದರ ಬಾಟಲಿ ಅಡುಗೆಮನೆಗೆ ಬರಬಾರದು.

ವುಡ್ ವಿನೆಗರನ್ನು ಎಲೆಗೆ ಹೊಡೆಯುವವರು ಒಂದು ಲೀಟರಿಗೆ 300–500 ಲೀಟರ್ ನೀರು ಬೆರೆಸುತ್ತಾರೆ. ಗಾಢವಾದರೆ ಕಳೆಯಂತೆ ಬೆಳೆಯೂ ಸುಡುತ್ತದೆ. ಇದು ಕಾಂಡಕೊರಕವನ್ನೋ ಕೊಳೆರೋಗವನ್ನೋ ಓಡಿಸುತ್ತದೆಂದು ಮಾರುವವರ ಮಾತನ್ನು ನಾನಂತೂ ನಂಬಲಾರೆ. ಇದ್ದಿಲಿಗೆ ಇರುವಷ್ಟು ಪುರಾವೆ ಇದಕ್ಕಿಲ್ಲ. ಬೋರ್ಡೋ ದ್ರಾವಣದ ಜೊತೆಗಂತೂ ಬೆರೆಸಲೇಬಾರದು: ಹುಳಿ ತಗುಲಿದರೆ ಸುಣ್ಣ ಕಟ್ಟಿಹಾಕಿದ್ದ ತಾಮ್ರ ಬಿಡುಗಡೆಯಾಗಿ ಎಲೆ ಕರಕಲಾಗುತ್ತದೆ. ಕಾಫಿ ಹೂವಿನ ದಿನಗಳಲ್ಲೂ ಸಿಂಪಡಣೆ ಬೇಡ. ರೋಬಸ್ಟಾ ಕಾಯಿ ಕಟ್ಟಲು ಬೇರೆ ಗಿಡದ ಪರಾಗ ಬೇಕು. ಅದನ್ನು ಗಾಳಿಯ ಜೊತೆಗೆ ಹೊತ್ತು ತರುವುದು ಜೇನು, ಮತ್ತು ಕಕ್ಕಬೆ ಹೆಸರಾಗಿದ್ದೇ ಜೇನಿಗೆ.