ಹೊರಗೆ ಬರಬಾರದ ಕೀಲಿ

2023ರ ಮೇ ತಿಂಗಳಲ್ಲಿ ಕ್ಯಾಸ್ಪರ್‌ಸ್ಕಿ ಎಂಬ ಭದ್ರತಾ ಸಂಸ್ಥೆಯ ತಜ್ಞರು ಒಂದು ಕಳವಿನ ತನಿಖೆಯ ವಿವರ ಪ್ರಕಟಿಸಿದರು. ಕಳೆದುಕೊಂಡವರ ಹತ್ತಿರ ಟ್ರೆಜರ್ ಮಾಡೆಲ್ ಟಿ ಎಂಬ ಹಾರ್ಡ್‌ವೇರ್ ವಾಲೆಟ್ ಇತ್ತು. ಕಳವಾದ ದಿನ ಅದನ್ನು ಯಾವ ಕಂಪ್ಯೂಟರಿಗೂ ಜೋಡಿಸಿರಲಿಲ್ಲ. ಹಾಗಿದ್ದೂ 1.33 ಬಿಟ್‌ಕಾಯಿನ್ ಬೇರೊಬ್ಬರ ಖಾತೆ ಸೇರಿತ್ತು. ಕೊಂಡಾಗ ಪೆಟ್ಟಿಗೆಯ ಮೇಲಿನ ಹೊಳೆಯುವ ಸೀಲು ಹರಿದಿರಲಿಲ್ಲ, ಸಾಧನವೂ ಎಲ್ಲರ ಸಾಧನದಂತೆಯೇ ಕೆಲಸ ಮಾಡಿತ್ತು.

ತಜ್ಞರು ಬಿಚ್ಚಿ ನೋಡಿದಾಗ ಒಳಗೆ ಧಾರಾಳವಾಗಿ ಅಂಟು, ಜತೆಗೆ ಎರಡೂ ಬದಿ ಹಿಡಿಯುವ ಟೇಪು. ಮೂಲ ಚಿಪ್ಪನ್ನು ಕಿತ್ತು ಇನ್ನೊಂದನ್ನು ಬೆಸೆದಿದ್ದರು. ಆ ಚಿಪ್ಪಿನ ತಂತ್ರಾಂಶ ಹೊಸ ಕೀಲಿ ಸೃಷ್ಟಿಸುವಂತೆ ನಟಿಸುತ್ತ, ಕಳ್ಳರು ಮೊದಲೇ ತಯಾರಿಸಿಟ್ಟ 20 ಕೀಲಿಗಳಲ್ಲಿ ಒಂದನ್ನು ಎತ್ತಿ ಕೊಡುತ್ತಿತ್ತು. ಖಾತೆಗೆ ಹಣ ಬೀಳುವವರೆಗೆ ಕಾಯುವುದಷ್ಟೇ ಕಳ್ಳರ ಕೆಲಸ.

ಈ ಪುಟ್ಟ ಯಂತ್ರ ಏನು ಮಾಡುತ್ತದೆ ಎಂದು ತಿಳಿಯಲು ಈ ಕಳವಿಗಿಂತ ಒಳ್ಳೆಯ ಪಾಠ ಇಲ್ಲ. ವಾಲೆಟ್ ಎಂಬ ಹೆಸರು ಕೇಳಿದವರು ನಾಣ್ಯಗಳು ಅದರೊಳಗಿವೆ ಎಂದುಕೊಳ್ಳುತ್ತಾರೆ. ಬಿಟ್‌ಕಾಯಿನ್ ಆಗಲಿ ಈಥರ್ ಆಗಲಿ ಲೋಕದ ಸಾವಿರಾರು ಕಂಪ್ಯೂಟರುಗಳಲ್ಲಿ ಏಕಕಾಲಕ್ಕೆ ಬರೆದಿಟ್ಟ ಲೆಕ್ಕದ ಸಾಲುಗಳು. ಆ ಸಾಲು ನಮ್ಮದು ಎಂದು ಸಾಧಿಸಲು ನಮ್ಮ ಕೈಯಲ್ಲಿರುವುದು ಒಂದೇ ಒಂದು ಗುಟ್ಟಿನ ಸಂಖ್ಯೆ, ಖಾಸಗಿ ಕೀಲಿ. ಅದು 256 ಬಿಟ್ ಉದ್ದ. ದಶಮಾನದಲ್ಲಿ ಬರೆದರೆ 78 ಅಂಕಿಗಳವರೆಗೆ ಹೋಗುತ್ತದೆ. ಆ ಸಂಖ್ಯೆ ಯಾರಿಗೆ ಗೊತ್ತೋ ಹಣ ಅವರದು.

ಹಿಂದೆ ಅರಸರ ಬೆರಳಲ್ಲಿ ಮುದ್ರೆಯುಂಗುರ ಇರುತ್ತಿತ್ತು. ಓಲೆಯನ್ನು ಮುಂದಿಟ್ಟರೆ ಒತ್ತು ಬೀಳುತ್ತಿತ್ತು; ಓಲೆ ದೇಶ ಸುತ್ತುತ್ತಿತ್ತು, ಉಂಗುರ ಬೆರಳು ಬಿಡುತ್ತಿರಲಿಲ್ಲ. ಹಾರ್ಡ್‌ವೇರ್ ವಾಲೆಟ್ಟಿನ ಇಡೀ ವಿದ್ಯೆ ಇಷ್ಟೇ. ಕಂಪ್ಯೂಟರು ವಹಿವಾಟಿನ ವಿವರವನ್ನು ಒಳಗೆ ಕಳಿಸುತ್ತದೆ, ಸಾಧನ ಅದಕ್ಕೆ ಗಣಿತದ ಸಹಿ ಹಾಕಿ ಹೊರಗೆ ಕಳಿಸುತ್ತದೆ, ಕೀಲಿ ಒಳಗೇ ಉಳಿಯುತ್ತದೆ. ಸಹಿಯನ್ನು ನೋಡಿ ಕೀಲಿಯನ್ನು ಲೆಕ್ಕ ಹಾಕಲು ಇಂದಿನ ಯಾವ ಕಂಪ್ಯೂಟರಿಗೂ ಸಾಧ್ಯವಿಲ್ಲ. ಹಾಗಾಗಿ ವೈರಸ್ ಹೊಕ್ಕ ಲ್ಯಾಪ್‌ಟಾಪಿಗೆ ಜೋಡಿಸಿದರೂ ಕೀಲಿ ಕದಿಯಲು ಆಗುವುದಿಲ್ಲ. ಪ್ರಾಗ್ ನಗರದ ಸತೋಶಿಲ್ಯಾಬ್ಸ್ 2014ರಲ್ಲಿ ಮಾರುಕಟ್ಟೆಗೆ ತಂದ ಟ್ರೆಜರ್ ಈ ಬಗೆಯಲ್ಲಿ ಮೊದಲನೆಯದು; ಫ್ರಾನ್ಸಿನ ಲೆಡ್ಜರ್ ಕಂಪನಿಯೂ ಅದೇ ವರ್ಷ ಹುಟ್ಟಿತು.

ಕೀಲಿ ಒಳಗೆ ಉಳಿದರೆ ಸಾಲದು, ಒಳಗೇ ಹುಟ್ಟಬೇಕು. ಯಾರೂ ಊಹಿಸಲಾಗದಂತೆ ಹುಟ್ಟಬೇಕು. ನಕಲಿ ಟ್ರೆಜರ್ ತಪ್ಪಿಸಿದ್ದು ಇದನ್ನೇ. ಅಸಲಿ ಸಾಧನದ ಚಿಪ್ಪು ತನ್ನೊಳಗಿನ ವಿದ್ಯುತ್ ಗದ್ದಲದಿಂದ ಸಂಖ್ಯೆ ಆರಿಸುತ್ತದೆ. ಅದನ್ನೂ ನಂಬದವರಿಗಾಗಿ ಕೋಲ್ಡ್‌ಕಾರ್ಡ್ ಎಂಬ ಕೆನಡಾದ ವಾಲೆಟ್ಟಿನಲ್ಲಿ ದಾಳ ಹಾಕಿ ಕೀಲಿ ಮಾಡುವ ವ್ಯವಸ್ಥೆ ಇದೆ: 99 ಸಲ ಹಾಕಿದರೆ ಸುಮಾರು 256 ಬಿಟ್‌ಗಳ ಅನಿಶ್ಚಿತತೆ ಸಿಗುತ್ತದೆ.

ಆದ್ದರಿಂದ ಸಾಧನವನ್ನು ತಯಾರಿಸಿದ ಕಂಪನಿಯ ಜಾಲತಾಣದಿಂದ, ಇಲ್ಲವೇ ಆ ಕಂಪನಿ ತನ್ನ ಪಟ್ಟಿಯಲ್ಲಿ ಹೆಸರಿಸಿದ ಮಾರಾಟಗಾರರಿಂದ ಮಾತ್ರ ಕೊಳ್ಳಿ. ಸೆಕೆಂಡ್‌ಹ್ಯಾಂಡ್ ಬೇಡವೇ ಬೇಡ. ಸೀಲನ್ನು ನೋಡಿ, ಆದರೆ ಸೀಲನ್ನೇ ನಂಬಬೇಡಿ; ಆ ನಕಲಿಗೂ ಸೀಲು ಇತ್ತು. ಕಂಪನಿಯ ಆ್ಯಪ್ ಇಳಿಸಿಕೊಳ್ಳುವಾಗ ಗೂಗಲ್ ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತನ್ನು ಒತ್ತದೆ, ವಿಳಾಸವನ್ನು ಕೈಯಾರೆ ಟೈಪ್ ಮಾಡಿ. ಆ್ಯಪ್ ಸಾಧನದ ಅಸಲಿತನ ಪರೀಕ್ಷಿಸಿ, ಹೊಸ ಫರ್ಮ್‌ವೇರ್ (ಸಾಧನದೊಳಗಿನ ತಂತ್ರಾಂಶ) ಹಾಕುತ್ತದೆ. ಪೆಟ್ಟಿಗೆಯಲ್ಲಿ ಪಿನ್ ನಂಬರೋ, ಪದಗಳು ಅಚ್ಚಾದ ಕಾರ್ಡೋ ಮೊದಲೇ ಇದ್ದರೆ ಅದು ಮೋಸ. ಅಂಥದ್ದರಲ್ಲಿ ಒಂದು ರೂಪಾಯಿಯನ್ನೂ ಇಡಬೇಡಿ.

‘ಹೊಸ ವಾಲೆಟ್’ ಎಂದು ಒತ್ತಿದಾಗ ಸಾಧನದ ಪರದೆಯ ಮೇಲೆ ಒಂದೊಂದಾಗಿ ಇಂಗ್ಲಿಷ್ ಪದಗಳು ಮೂಡುತ್ತವೆ, ಸಾಮಾನ್ಯವಾಗಿ ಹನ್ನೆರಡೋ ಇಪ್ಪತ್ನಾಲ್ಕೋ. ಇದೇ ಸೀಡ್ ಫ್ರೇಸ್. ಇದರ ಹಿಂದಿನ ಲೆಕ್ಕ ಸೊಗಸಾಗಿದೆ. 2013ರ ಬಿಪ್-39 ಎಂಬ ಮಾನದಂಡದ ಪಟ್ಟಿಯಲ್ಲಿ 2048 ಪದಗಳಿವೆ, ಅಂದರೆ ಒಂದೊಂದು ಪದ 11 ಬಿಟ್‌ಗಳನ್ನು ಹೊರುತ್ತದೆ. ಹನ್ನೆರಡು ಪದಗಳಿಗೆ 132 ಬಿಟ್. ಅದರಲ್ಲಿ 128 ಬಿಟ್ ಗುಟ್ಟು, ಉಳಿದ ನಾಲ್ಕು ತಾಳೆ ನೋಡಲು. ಬರೆಯುವಾಗ ಪದವೊಂದು ತಪ್ಪಾದರೆ ಸಾಧನ ಅದನ್ನು ಬಹುಪಾಲು ಸಲ ಪತ್ತೆ ಹಚ್ಚುವುದು ಈ ನಾಲ್ಕು ಬಿಟ್‌ಗಳಿಂದಲೇ. ಪಟ್ಟಿಯ ಯಾವ ಎರಡು ಪದಗಳಿಗೂ ಮೊದಲ ನಾಲ್ಕು ಅಕ್ಷರ ಒಂದೇ ಆಗಿರುವುದಿಲ್ಲ. ಮಸಿ ಹರಡಿ ಪದದ ಬಾಲ ಅಳಿಸಿದರೂ ಪದ ಸಿಗುತ್ತದೆ. ಈ ಪದಗಳಿಂದ ನಿಮ್ಮ ಎಲ್ಲ ಕೀಲಿಗಳನ್ನೂ ಮತ್ತೆ ಹುಟ್ಟಿಸಬಹುದು, ಬೇರೆ ಕಂಪನಿಯ ಸಾಧನದಲ್ಲೂ. ಸಾಧನ ಬಾವಿಗೆ ಬಿದ್ದರೂ ಹಣ ಹೋಗುವುದಿಲ್ಲ. ಪದಗಳು ಇನ್ನೊಬ್ಬರ ಕಣ್ಣಿಗೆ ಬಿದ್ದರೆ, ಸಾಧನ ನಿಮ್ಮ ಜೇಬಿನಲ್ಲಿದ್ದರೂ ಹಣ ಹೋಗುತ್ತದೆ.

ಹೀಗಾಗಿ ಕಳ್ಳರು ಚಿಪ್ಪನ್ನು ಬಿಟ್ಟು ಈ ಪದಗಳ ಹಿಂದೆ ಬೀಳುತ್ತಾರೆ. ಪೆನ್ನು ಹಿಡಿದು ಕಾಗದದಲ್ಲಿ ಬರೆಯಿರಿ, ಕ್ರಮಸಂಖ್ಯೆ ಹಾಕಿ. ಫೋಟೋ ತೆಗೆಯಬಾರದು. ಫೋನಿನ ಗ್ಯಾಲರಿಯಲ್ಲಿರುವ ಚಿತ್ರಗಳನ್ನು ಓದಿ ಇಂಥ ಪದಗಳನ್ನು ಹುಡುಕುವ ಸ್ಪಾರ್ಕ್‌ಕ್ಯಾಟ್ ಎಂಬ ಕುತಂತ್ರಾಂಶದ ಸುದ್ದಿ 2025ರಲ್ಲಿ ಬಯಲಾಯಿತು. ಅದು ಗೂಗಲ್ ಮತ್ತು ಆಪಲ್‌ನ ಅಧಿಕೃತ ಅಂಗಡಿಗಳ ಆ್ಯಪ್‌ಗಳಲ್ಲೇ ಅಡಗಿತ್ತು. ನಿಮಗೇ ನೀವು ವಾಟ್ಸ್‌ಆ್ಯಪ್ ಕಳಿಸಿಕೊಳ್ಳುವುದು, ಇಮೇಲ್ ಕರಡಿನಲ್ಲಿ ಇಡುವುದು, ಜೆರಾಕ್ಸ್ ಅಂಗಡಿಗೆ ಒಯ್ಯುವುದು, ಯಾವುದೂ ಕೂಡದು. ಕಾಗದಕ್ಕೆ ಗೆದ್ದಲು, ತೇವ, ಬೆಂಕಿಯ ಭಯ ಇದೆ. ಮಲೆನಾಡಿನ, ಕರಾವಳಿಯ ಮಳೆಗಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊತ್ತ ದೊಡ್ಡದಾದರೆ ಸ್ಟೀಲ್ ತಗಡಿನ ಮೇಲೆ ಅಕ್ಷರ ಕೊರೆದು ಎರಡು ಬೇರೆ ಜಾಗಗಳಲ್ಲಿ ಇಡುವುದು ಒಳಿತು.

ಆ ಪದಗಳನ್ನು ಕೇಳುವ ಹಕ್ಕು ಸಾಧನದ ಪರದೆಗಷ್ಟೇ ಇದೆ, ಅದೂ ನೀವೇ ವಾಲೆಟ್ ಮರಳಿ ಪಡೆಯುವಾಗ. 2020ರಲ್ಲಿ ಲೆಡ್ಜರ್ ಗ್ರಾಹಕರ ಮಾಹಿತಿ ಸೋರಿತು. ಸುಮಾರು 2 ಲಕ್ಷ 72 ಸಾವಿರ ಜನರ ಹೆಸರು, ಮನೆ ವಿಳಾಸ, ಫೋನ್ ನಂಬರು ಬಯಲಾದವು. ಆಮೇಲೆ ಆ ಜನರಿಗೆ ಕಂಪನಿಯ ಹೆಸರಲ್ಲಿ ಕರೆ, ಇಮೇಲ್, ಕೊನೆಗೆ ಅಂಚೆಯಲ್ಲಿ ನಕಲಿ ಸಾಧನಗಳೇ ಬಂದವು. ಎಲ್ಲದರ ಕೋರಿಕೆ ಒಂದೇ: ಪದಗಳನ್ನು ಇಲ್ಲಿ ತುಂಬಿ.

ಪಿನ್ ವಿಷಯ ಸರಳ. ಹುಟ್ಟಿದ ದಿನ, ಗಾಡಿ ನಂಬರು ಬೇಡ. ಲೆಡ್ಜರ್‌ನಲ್ಲಿ ಮೂರು ಸಲ, ಟ್ರೆಜರ್‌ನಲ್ಲಿ ಅದಕ್ಕಿಂತ ಹೆಚ್ಚು ಸಲ ತಪ್ಪಾದರೆ ಸಾಧನ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಸಾಧನ ಕಳ್ಳರ ಕೈಸೇರಿದರೆ ಪಿನ್ ಒಂದೇ ಸಾಕೇ ಎಂಬುದು ಚಿಪ್ಪಿನ ಮೇಲೆ ನಿಂತಿದೆ. 2020ರಲ್ಲಿ ಕ್ರಾಕೆನ್ ಸಂಸ್ಥೆಯ ಸಂಶೋಧಕರು ಅಂದಿನ ಟ್ರೆಜರ್ ಮಾದರಿಗಳ ವಿದ್ಯುತ್ತನ್ನು ಕ್ಷಣಕಾಲ ಏರುಪೇರು ಮಾಡಿ, ಕಾಲು ಗಂಟೆಯಷ್ಟು ಸಾಧನ ಕೈಯಲ್ಲಿದ್ದರೆ ಪದಗಳನ್ನು ಹೊರತೆಗೆಯಬಹುದೆಂದು ತೋರಿಸಿದರು. ಎಟಿಎಂ ಕಾರ್ಡಿನಲ್ಲಿರುವ ಬಗೆಯ ಭದ್ರತಾ ಚಿಪ್ ಇರುವ ಹೊಸ ಮಾದರಿ ಕೊಳ್ಳುವುದು ಜಾಣತನ.

ಈಗ ಬಹುತೇಕರು ಬಿಟ್ಟುಬಿಡುವ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಮೊದಲು ಕೆಲವೇ ನೂರು ರೂಪಾಯಿ ಬೆಲೆಯ ಕಾಯಿನ್ ಕಳಿಸಿ. ಅದು ಬಂದದ್ದನ್ನು ನೋಡಿ. ಆಮೇಲೆ ಸಾಧನವನ್ನು ಬೇಕೆಂದೇ ಪೂರ್ತಿ ಅಳಿಸಿ, ಕಾಗದದ ಪದಗಳನ್ನು ಸಾಧನದಲ್ಲೇ ತುಂಬಿ, ಅದೇ ಖಾತೆ, ಅದೇ ಮೊತ್ತ ಮರಳಿ ಬರುತ್ತದೆಯೇ ನೋಡಿ. ಬಂದರೆ ನಿಮ್ಮ ಬರಹ ಸರಿ ಇದೆ. ಬರದಿದ್ದರೆ ನಷ್ಟ ಆ ಕೆಲವು ನೂರು ರೂಪಾಯಿಯಲ್ಲೇ ಮುಗಿಯಿತು. ಈ ಪರೀಕ್ಷೆ ಗೆಲ್ಲದೆ ದೊಡ್ಡ ಮೊತ್ತ ಕಳಿಸಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಬಾಗಿಲು ತೆರೆದೇ ಇರುತ್ತದೆ: ಮುದ್ರೆ ಒತ್ತುವ ಮೊದಲು ಓಲೆ ಓದದಿರುವುದು. 2024ರ ಜುಲೈ 18ರಂದು ನಮ್ಮ ದೇಶದ ವಜೀರ್‌ಎಕ್ಸ್ ಎಂಬ ಕ್ರಿಪ್ಟೊ ವಿನಿಮಯ ಕೇಂದ್ರದಿಂದ (ಎಕ್ಸ್‌ಚೇಂಜ್) ಸುಮಾರು 23 ಕೋಟಿ ಡಾಲರ್ ಹೋಯಿತು. ಪರದೆಯಲ್ಲಿ ಕಂಡ ವಹಿವಾಟಿಗೂ ನಿಜವಾಗಿ ಸಹಿಯಾದ ವಹಿವಾಟಿಗೂ ತಾಳೆ ಇರಲಿಲ್ಲ ಎಂದು ಆ ಕಂಪನಿ ಹೇಳಿತು. 2025ರ ಫೆಬ್ರುವರಿಯಲ್ಲಿ ಬೈಬಿಟ್ ಎಂಬ ಎಕ್ಸ್‌ಚೇಂಜ್ ಸುಮಾರು 150 ಕೋಟಿ ಡಾಲರ್ ಕಳೆದುಕೊಂಡದ್ದೂ ಕಂಪ್ಯೂಟರಿನ ಪರದೆ ಸುಳ್ಳು ತೋರಿಸಿದ್ದರಿಂದ. ಸಹಿ ಹಾಕಿದವರ ಕೈಯಲ್ಲಿ ಹಾರ್ಡ್‌ವೇರ್ ವಾಲೆಟ್ ಇತ್ತು, ಕೀಲಿಗಳೂ ಸೋರಿರಲಿಲ್ಲ. ಕಾಪಿ ಮಾಡಿದ ವಿಳಾಸವನ್ನು ಪೇಸ್ಟ್ ಮಾಡುವಷ್ಟರಲ್ಲಿ ಬದಲಿಸಿಬಿಡುವ ವೈರಸ್‌ಗಳು ಮನೆಯ ಕಂಪ್ಯೂಟರಿನಲ್ಲೂ ಇರಬಹುದು. ಹಣ ಕಳಿಸುವಾಗಲೂ ಪಡೆಯುವಾಗಲೂ ವಿಳಾಸವನ್ನು ಸಾಧನದ ಪುಟ್ಟ ಪರದೆಯ ಮೇಲೆ ಮೊದಲಿಂದ ಕೊನೆವರೆಗೆ ಓದಿ. ಅರ್ಥವಾಗದ ಸಾಲು ಕಂಡರೆ ಸಹಿ ಬೇಡ. ಹಣ ಹೋದ ಮೇಲೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಬಹುದು, ಕೊಡಲೇಬೇಕು. ಆದರೆ ಬ್ಲಾಕ್‌ಚೈನಿನಲ್ಲಿ, ಅಂದರೆ ಆ ಸಾವಿರಾರು ಕಂಪ್ಯೂಟರುಗಳ ಲೆಕ್ಕದಲ್ಲಿ, ದಾಖಲಾದ ವಹಿವಾಟನ್ನು ಹಿಂದಕ್ಕೆ ತಿರುಗಿಸುವ ಅಧಿಕಾರ ಯಾವ ಬ್ಯಾಂಕಿಗೂ ಪೊಲೀಸರಿಗೂ ಇಲ್ಲ.

ಕ್ರಿಪ್ಟೊದಲ್ಲಿ ಹಣ ಹೂಡಬೇಕೇ ಎಂಬುದು ಬೇರೆಯದೇ ಪ್ರಶ್ನೆ. ಲಾಭ ಬಂದರೆ ಅದರ ಮೇಲೆ 2022ರ ಏಪ್ರಿಲ್‌ನಿಂದ ಶೇ. 30 ತೆರಿಗೆ ಇದೆ, ವಾಲೆಟ್ ಯಾವುದೇ ಇರಲಿ. ಕೊಂಡ ದಿನ, ಬೆಲೆಗಳ ಲೆಕ್ಕ ಇಟ್ಟುಕೊಳ್ಳಿ. ಇದಲ್ಲದೆ ಮನೆಯಲ್ಲಿ ಒಬ್ಬರಿಗಾದರೂ ಇಂಥದ್ದೊಂದು ಸಾಧನ ಇದೆ, ಪದಗಳ ತಗಡು ಎಲ್ಲಿದೆ, ನಿಮಗೆ ಏನಾದರೂ ಆದರೆ ಅದನ್ನು ಹೇಗೆ ಬಳಸಬೇಕು ಎಂದು ಇವತ್ತೇ ಕೂರಿಸಿ ಹೇಳಿ. ಬ್ಯಾಂಕಿನಲ್ಲಿ ಮರಣ ಪ್ರಮಾಣಪತ್ರ ತೋರಿಸಿದರೆ ನಾಮಿನಿಗೆ ಹಣ ಸಿಗುತ್ತದೆ. ಇಲ್ಲಿ ಆ ಪದಗಳಿಲ್ಲದೆ ಯಾರಿಗೂ ಏನೂ ಸಿಗುವುದಿಲ್ಲ.