ಕಾಲ್ಚೆಂಡಾಟದ ವ್ಯವಸ್ಥಾಪಕನೂ ಗಣಕಯಂತ್ರವೂ: 'ಫುಟ್‌ಬಾಲ್ ಮ್ಯಾನೇಜರ್' ಆಟದ ಹೊಸ ಅಂಗಗಳ ವಿವೇಚನೆ

ಆಟವನ್ನು ಆಡುವುದು ಒಂದು ವಿದ್ಯೆ, ಆಡಿಸುವುದು ಇನ್ನೊಂದು. ರೋಣ, ನರಗುಂದ, ಗಜೇಂದ್ರಗಡಗಳ ಸುತ್ತಿನ ಹಳ್ಳಿಗಳಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗೆ ಈ ಭೇದವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಗರಡಿಮನೆಯ ವಸ್ತಾದಿ ಎಂದರೆ ಯಾರೆಂಬುದನ್ನು ಆತ ಬಲ್ಲನು. ಜಾತ್ರೆಯ ಕಣದಲ್ಲಿ ವಸ್ತಾದಿ ತಾನೇ ಕುಸ್ತಿ ಹಿಡಿಯುವುದಿಲ್ಲ. ಯಾವ ಹುಡುಗನಿಂದ ಎಷ್ಟು ಸಾಮು ಮಾಡಿಸಬೇಕು, ಯಾರನ್ನು ಯಾರ ಮೇಲೆ ಬಿಡಬೇಕು, ಈ ವರ್ಷ ಯಾರನ್ನು ಕಣಕ್ಕೆ ಇಳಿಸದೆ ಕಾಯ್ದಿರಿಸಬೇಕು ಎಂಬುದನ್ನೆಲ್ಲ ತೀರ್ಮಾನಿಸುವವನು ಮಾತ್ರ ಅವನೇ. ರೋಣಕ್ಕೆ ದ್ರೋಣಪುರವೆಂಬ ಹೆಸರನ್ನು ಹೇಳುವ ಸ್ಥಳೀಯ ಐತಿಹ್ಯವೊಂದುಂಟು. ಅದರ ಚಾರಿತ್ರಿಕತೆಯ ಚರ್ಚೆ ಇಲ್ಲಿ ಪ್ರಸ್ತುತವಲ್ಲ. ಶಿಷ್ಯರನ್ನು ಪರೀಕ್ಷಿಸಿ ಆರಿಸಿದ, ವ್ಯೂಹಗಳನ್ನು ರಚಿಸಿದ ಆಚಾರ್ಯನೊಬ್ಬನ ನೆನಪು ಈ ವಿಷಯದ ಪ್ರಸ್ತಾವನೆಗೆ ಒಪ್ಪುತ್ತದೆ ಎಂದಷ್ಟೇ ಹೇಳಿದರೆ ಸಾಕು.

ಕಾಲ್ಚೆಂಡಾಟದಲ್ಲಿ ವಸ್ತಾದಿಯ ಸ್ಥಾನದಲ್ಲಿರುವವನು ವ್ಯವಸ್ಥಾಪಕ, ಅರ್ಥಾತ್ ಮ್ಯಾನೇಜರ್. ಅವನ ಕಾರ್ಯವನ್ನೇ ಗಣಕಯಂತ್ರದ ಮೇಲೆ ಆಟವಾಗಿ ಆಡಿಸುವ 'ಫುಟ್‌ಬಾಲ್ ಮ್ಯಾನೇಜರ್' ಎಂಬುದು ಇಂದು ಅನೇಕ ದೇಶಗಳ ತರುಣರಿಗೆ ಪರಿಚಿತವಾಗಿದೆ. ಈ ಆಟಕ್ಕೆ ಈಚೆಗೆ ಸೇರಿದ ಅಂಗಗಳು ಯಾವುವು, ಅವುಗಳ ಹಿಂದಿರುವ ಗಣಿತವೇನು, ಅವುಗಳಿಂದ ತಿಳಿಯುವುದೆಷ್ಟು, ತಿಳಿಯದೆ ಉಳಿಯುವುದೆಷ್ಟು ಎಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಆಟದ ಹುಟ್ಟು

೧೯೮೨ರಲ್ಲಿ ಇಂಗ್ಲೆಂಡಿನ ಕೆವಿನ್ ಟಾಮ್ಸ್ ಎಂಬವರು 'ಫುಟ್‌ಬಾಲ್ ಮ್ಯಾನೇಜರ್' ಎಂಬ ಹೆಸರಿನಿಂದಲೇ ಒಂದು ಚಿಕ್ಕ ಆಟವನ್ನು ಪ್ರಕಟಿಸಿದರು. ಇಂದಿನ ಆಟ ಅದರ ನೇರ ಸಂತತಿಯಲ್ಲ. ಪಾಲ್ ಮತ್ತು ಆಲಿವರ್ ಕಾಲಿಯರ್ ಎಂಬ ಸಹೋದರರು ರಚಿಸಿ ೧೯೯೨ರಲ್ಲಿ ಹೊರತಂದ 'ಚಾಂಪಿಯನ್‌ಶಿಪ್ ಮ್ಯಾನೇಜರ್' ಅದರ ಮೂಲ. ಮೊದಲ ಆವೃತ್ತಿಯಲ್ಲಿದ್ದ ಆಟಗಾರರ ಹೆಸರುಗಳು ಕಲ್ಪಿತವಾದವು. ೧೯೯೩ರ ಆವೃತ್ತಿಯಲ್ಲಿ ನಿಜವಾದ ಆಟಗಾರರ ಹೆಸರುಗಳು ಬಂದವು. ಮೇಲುನೋಟಕ್ಕೆ ಅಲ್ಪವೆಂದು ತೋರುವ ಈ ಬದಲಾವಣೆಯಿಂದ ಆಟದ ಸ್ವರೂಪವೇ ಮಾರ್ಪಟ್ಟಿತು. ಕಲ್ಪಿತ ಆಟಗಾರನಿಗೆ ಯಾವ ಅಂಕವನ್ನು ಕೊಟ್ಟರೂ ತಪ್ಪೆನ್ನುವವರಿಲ್ಲ. ನಿಜವಾದ ಆಟಗಾರನಿಗೆ ಅಂಕ ಕೊಡಬೇಕಾದರೆ ಅವನ ಆಟವನ್ನು ಯಾರಾದರೂ ನೋಡಿರಲೇಬೇಕು.

ಸಹೋದರರು ಸ್ಥಾಪಿಸಿದ ಸ್ಪೋರ್ಟ್ಸ್ ಇಂಟರ್‌ಆಕ್ಟಿವ್ ಸಂಸ್ಥೆ ಮುಂದೆ ತನ್ನ ಹಳೆಯ ಪ್ರಕಾಶಕರಿಂದ ಬೇರ್ಪಟ್ಟಿತು. ೨೦೦೪ರ ಕೊನೆಯಲ್ಲಿ ಅದು ಸೆಗಾ ಸಂಸ್ಥೆಯ ಮೂಲಕ 'ಫುಟ್‌ಬಾಲ್ ಮ್ಯಾನೇಜರ್ ೨೦೦೫' ಎಂಬ ಆಟವನ್ನು ಹೊರತಂದಿತು. ಆವೃತ್ತಿಯ ಹೆಸರಿನಲ್ಲಿ ಬರುವ ವರ್ಷ ಸಾಮಾನ್ಯವಾಗಿ ಪ್ರಕಟಣೆಯ ಮರುವರ್ಷವೆಂಬುದನ್ನು ವಾಚಕರು ಗಮನದಲ್ಲಿಡಬೇಕು.

೨. ಅಂಕಿಗಳ ಮನುಷ್ಯ

ಈ ಆಟದಲ್ಲಿ ಒಬ್ಬ ಆಟಗಾರನೆಂದರೆ ಅಂಕಿಗಳ ಒಂದು ಸಮೂಹ. ಚೆಂಡನ್ನು ಸಾಗಿಸುವುದು, ತಡೆಯುವುದು, ಓಟದ ವೇಗ, ಧೈರ್ಯ, ಏಕಾಗ್ರತೆ ಮೊದಲಾದ ಪ್ರತಿಯೊಂದು ಗುಣಕ್ಕೂ ೧ರಿಂದ ೨೦ರವರೆಗೆ ಒಂದು ಅಂಕವುಂಟು. ಇವುಗಳ ಹಿಂದೆ, ಆಡುವವನಿಗೆ ಕಾಣದಂತೆ, ೨೦೦ರ ಮಾಪನದಲ್ಲಿ ಇನ್ನೆರಡು ಅಂಕಿಗಳಿವೆ. ಒಂದು ಆಟಗಾರನ ಇಂದಿನ ಸಾಮರ್ಥ್ಯವನ್ನು ಸೂಚಿಸುತ್ತದೆ. ಇನ್ನೊಂದು ಅವನು ಮುಟ್ಟಬಹುದಾದ ಮೇರೆಯನ್ನು ಸೂಚಿಸುತ್ತದೆ. ಕೆಲವು ಎಳೆಯ ಆಟಗಾರರ ವಿಷಯದಲ್ಲಿ ಈ ಎರಡನೆಯದು ಖಚಿತವಾದ ಅಂಕಿಯಾಗಿರದೆ ಒಂದು ವ್ಯಾಪ್ತಿಯಾಗಿರುತ್ತದೆ. ಆಟವನ್ನು ಹೊಸದಾಗಿ ಆರಂಭಿಸಿದಾಗಲೆಲ್ಲ ಆ ವ್ಯಾಪ್ತಿಯೊಳಗಿನ ಒಂದು ಅಂಕಿ ಆಕಸ್ಮಿಕವಾಗಿ ಗೊತ್ತಾಗುತ್ತದೆ. ಹದಿನಾರು ವರ್ಷದ ಹುಡುಗನ ಭವಿಷ್ಯವನ್ನು ಬಲ್ಲೆವೆಂದು ಹೇಳುವುದು ದುಸ್ಸಾಹಸವೆಂಬ ತಿಳಿವಳಿಕೆ ಈ ಏರ್ಪಾಟಿನಲ್ಲಿ ಅಡಗಿದೆ.

ವ್ಯವಸ್ಥಾಪಕನಿಗೆ ಅನ್ಯ ಕ್ಲಬ್ಬಿನ ಆಟಗಾರನ ಗುಣಗಳು ಒಮ್ಮೆಗೇ ತಿಳಿಯುವುದಿಲ್ಲ. ಓಟದ ವೇಗ ೯ರಿಂದ ೧೫ರ ನಡುವೆ ಎಲ್ಲಿಯೋ ಇದೆ ಎಂದು ಮೊದಲು ತೋರಬಹುದು. ಪ್ರತಿಭಾನ್ವೇಷಕನನ್ನು ಕಳುಹಿಸಿ ಮತ್ತೆ ಮತ್ತೆ ನೋಡಿಸಿದ ಹಾಗೆಲ್ಲ ಆ ವ್ಯಾಪ್ತಿ ಕಿರಿದಾಗುತ್ತ ಬರುತ್ತದೆ. ಸಂಖ್ಯಾಶಾಸ್ತ್ರವನ್ನು ಓದುವ ವಿದ್ಯಾರ್ಥಿ ಇದರಲ್ಲಿ ತನ್ನ ಪಾಠವನ್ನೇ ಕಾಣುವನು: ವೀಕ್ಷಣೆಗಳು ಹೆಚ್ಚಿದಂತೆ ಅನಿಶ್ಚಿತತೆ ತಗ್ಗುತ್ತದೆ, ಆದರೆ ಪ್ರತಿಯೊಂದು ವೀಕ್ಷಣೆಗೂ ಕಾಲ ಮತ್ತು ಹಣ ವ್ಯಯವಾಗುತ್ತವೆ.

ಪಂದ್ಯ ನಡೆಯುವಾಗ ಆಟಗಾರರ ಗುಣಗಳು, ದಣಿವು, ಹವಾಮಾನ, ಮೈದಾನದ ಸ್ಥಿತಿ ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಮಳೆಗಾಲದಲ್ಲಿ ಕಾಲಿಗೆ ಅಂಟಿ, ಬೇಸಗೆಯಲ್ಲಿ ಬಿರುಕು ಬಿಡುವ ನರಗುಂದದ ಕಡೆಯ ಎರೆಭೂಮಿಯನ್ನು ಬಲ್ಲವರಿಗೆ ಮೈದಾನವೆಂಬುದು ಹನ್ನೆರಡನೆಯ ಆಟಗಾರನೆಂಬುದನ್ನು ವಿವರಿಸಬೇಕಾಗಿಲ್ಲ. ಇಷ್ಟಾಗಿಯೂ ಪಂದ್ಯದಲ್ಲಿ ಆಕಸ್ಮಿಕಕ್ಕೆ ಎಡೆಯಿದ್ದೇ ಇದೆ. ಒಂದೇ ಪಂದ್ಯವನ್ನು ಹತ್ತು ಸಲ ನಡೆಸಿದರೆ ಹತ್ತು ಸಲವೂ ಒಂದೇ ಫಲ ಬರುವುದಿಲ್ಲ.

೩. ಹೊಸ ಅಂಗಗಳು

ಈಚಿನ ಆವೃತ್ತಿಗಳಲ್ಲಿ ಸೇರಿದ ಅಂಗಗಳಲ್ಲಿ ಮುಖ್ಯವಾದವುಗಳನ್ನು ಮಾತ್ರ ಇಲ್ಲಿ ಪರಿಶೀಲಿಸಬಹುದು.

ಮೊದಲನೆಯದು ೨೦೨೧ರ ಆವೃತ್ತಿಯಲ್ಲಿ ಬಂದ 'ನಿರೀಕ್ಷಿತ ಗೋಲು' ಎಂಬ ಮಾಪನ. ಗೋಲಿನ ಕಡೆಗೆ ಒದೆದ ಪ್ರತಿಯೊಂದು ಚೆಂಡಿಗೂ, ಅದನ್ನು ಎಷ್ಟು ದೂರದಿಂದ, ಯಾವ ಕೋನದಿಂದ, ಯಾವ ಸಂದರ್ಭದಲ್ಲಿ ಒದೆಯಲಾಯಿತೆಂಬುದನ್ನು ನೋಡಿ, ಅದು ಗೋಲಾಗುವ ಸಂಭಾವ್ಯತೆಯನ್ನು ೦ ಮತ್ತು ೧ರ ನಡುವಿನ ಅಂಕಿಯಿಂದ ಸೂಚಿಸುವುದು ಇದರ ಕ್ರಮ. ಒಂದು ತಂಡ ತಲಾ ೦.೧ರ ಐದು ಒದೆತಗಳನ್ನು ಮಾಡಿತೆಂದು ಭಾವಿಸೋಣ. ಇನ್ನೊಂದು ತಂಡ ೦.೫ರ ಒಂದೇ ಒದೆತವನ್ನು ಮಾಡಿತು. ಎರಡೂ ತಂಡಗಳ ಒಟ್ಟು ನಿರೀಕ್ಷೆ ೦.೫ ಗೋಲು. ಆದರೆ ಒದೆತಗಳು ಪರಸ್ಪರ ಸ್ವತಂತ್ರವಾಗಿದ್ದರೆ ಮೊದಲ ತಂಡಕ್ಕೆ ಕನಿಷ್ಠ ಒಂದು ಗೋಲು ದೊರೆಯುವ ಸಂಭಾವ್ಯತೆ ನೂರಕ್ಕೆ ೪೧ ಮಾತ್ರ, ಎರಡನೆಯದಕ್ಕೆ ನೂರಕ್ಕೆ ೫೦. ಮೊತ್ತ ಒಂದೇ ಆದರೂ ಹಂಚಿಕೆ ಬೇರೆಯಾದರೆ ಫಲವೂ ಬೇರೆಯಾಗುತ್ತದೆ.

ಇದನ್ನು ನಮ್ಮ ನಾಡಿಗೆ ಸಂಬಂಧಿಸಿದ ಒಂದು ಪಂದ್ಯಕ್ಕೆ ಅನ್ವಯಿಸಿ ನೋಡಬಹುದು. ೧೯೪೮ರ ಜುಲೈ ೩೧ರಂದು ಲಂಡನ್ ಒಲಿಂಪಿಕ್ಸಿನಲ್ಲಿ ಭಾರತ ತಂಡ ಫ್ರಾನ್ಸನ್ನು ಎದುರಿಸಿತು. ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರು ಒಲಿಂಪಿಕ್ಸಿನಲ್ಲಿ ಭಾರತದ ಮೊತ್ತಮೊದಲ ಗೋಲನ್ನು ಹೊಡೆದದ್ದು ಆ ಪಂದ್ಯದಲ್ಲಿಯೇ. ಭಾರತ ೧-೨ರಿಂದ ಸೋತಿತು. ಎರಡು ಪೆನಾಲ್ಟಿ ಒದೆತಗಳು ವ್ಯರ್ಥವಾದವು. ಇಂದಿನ ಲೆಕ್ಕದಲ್ಲಿ ಒಂದು ಪೆನಾಲ್ಟಿ ಒದೆತದ ಬೆಲೆ ಸುಮಾರು ೦.೭೬. ಆದುದರಿಂದ ಎರಡೂ ವ್ಯರ್ಥವಾಗುವ ಸಂಭಾವ್ಯತೆ ನೂರಕ್ಕೆ ೬ರಷ್ಟು ಮಾತ್ರ. ಆ ತಂಡ ಆಟದಲ್ಲಿ ಕೀಳಾಗಿರಲಿಲ್ಲವೆಂಬ ಹಿರಿಯರ ಮಾತಿಗೆ ಗಣಿತದ ಸಮರ್ಥನೆ ದೊರೆತಂತಾಯಿತೆಂದು ಹೇಳಬೇಕೆನಿಸುತ್ತದೆ. ಆದರೆ ಇಲ್ಲಿ ನಿಲ್ಲಬೇಕು. ಈ ೦.೭೬ ಎಂಬುದು ಬೂಟು ತೊಟ್ಟು ಆಡುವ ಇಂದಿನ ವೃತ್ತಿಪರ ಆಟಗಾರರ ಒದೆತಗಳಿಂದ ಬಂದ ಸರಾಸರಿ. ಅಂದಿನ ಭಾರತೀಯರಲ್ಲಿ ಬಹುಮಂದಿ ಬರಿಗಾಲಿನಿಂದ ಆಡಿದರು. ಒಬ್ಬರನ್ನು ಅಳೆದು ಮಾಡಿದ ಅಳತೆಗೋಲಿನಿಂದ ಇನ್ನೊಬ್ಬರನ್ನು ಅಳೆಯುವಾಗ ಎಚ್ಚರ ಅವಶ್ಯ.

ಎರಡನೆಯದು ೨೦೨೨ರ ಆವೃತ್ತಿಯ ಮಾಹಿತಿ ಕೇಂದ್ರ. ತಂಡದ ಸಾಧನೆಯನ್ನು ನಕ್ಷೆಗಳಲ್ಲಿಯೂ ಕೋಷ್ಟಕಗಳಲ್ಲಿಯೂ ತೋರಿಸಿ, ಸೋಲಿಗೆ ಕಾರಣವನ್ನು ಹುಡುಕುವ ಕೆಲಸವನ್ನು ಅದು ವ್ಯವಸ್ಥಾಪಕನಿಗೆ ಒಪ್ಪಿಸುತ್ತದೆ. ಮೂರನೆಯದು ೨೦೨೪ರ ಆವೃತ್ತಿಯಲ್ಲಿ ಕಾರ್ನರ್ ಒದೆತ, ಫ್ರೀ ಕಿಕ್ ಮೊದಲಾದ ನಿಂತ ಚೆಂಡಿನ ಸಂದರ್ಭಗಳಿಗಾಗಿ ಮಾಡಿದ ಹೊಸ ಏರ್ಪಾಡು. ಅದೇ ಆವೃತ್ತಿಯಲ್ಲಿ, ಹಿಂದಿನ ವರ್ಷದ ಆಟವನ್ನು ಬಿಟ್ಟಲ್ಲಿಂದ ಮುಂದುವರಿಸುವ ಸೌಲಭ್ಯವೂ ಮೊದಲ ಸಲ ದೊರೆಯಿತು. ಬೆಂಗಳೂರು ಎಫ್.ಸಿ. ಮೊದಲಾದ ತಂಡಗಳಿರುವ ಭಾರತದ ಲೀಗನ್ನು ಆರಿಸಿಕೊಂಡು ಆಡುವ ಅವಕಾಶವೂ ಅದರಲ್ಲಿತ್ತು.

೨೦೨೫ರ ಆವೃತ್ತಿ ಹೊರಬರಲೇ ಇಲ್ಲ. ಆಟದ ಒಳಗಿನ ಯಂತ್ರಾಂಗವನ್ನು ಸಂಪೂರ್ಣವಾಗಿ ಬದಲಿಸುವ ಕಾರ್ಯ ತೃಪ್ತಿಕರವಾಗಿ ಮುಗಿಯದ ಕಾರಣ ಅದನ್ನು ಕೈಬಿಡಲಾಗಿದೆಯೆಂದು ೨೦೨೫ರ ಫೆಬ್ರುವರಿಯಲ್ಲಿ ಸಂಸ್ಥೆಯೇ ಪ್ರಕಟಿಸಿತು. 'ಯೂನಿಟಿ' ಎಂಬ ಹೊಸ ಯಂತ್ರಾಂಗದ ಮೇಲೆ ರಚಿತವಾದ ೨೦೨೬ರ ಆವೃತ್ತಿ ೨೦೨೫ರ ನವೆಂಬರ್ ೪ರಂದು ಬಂದಿತು. ಅದರ ಹೊಸ ಪರದೆಯ ವಿನ್ಯಾಸ ತೊಡಕಿನದೆಂದು ಹಳಬರು ಆಕ್ಷೇಪಿಸಿದ್ದುಂಟು. ಆದರೆ ಅದರ ಎರಡು ಅಂಗಗಳು ವಿಶೇಷ ಗಮನಕ್ಕೆ ಅರ್ಹವಾಗಿವೆ.

ಮೊದಲನೆಯದು ವ್ಯೂಹದ ದ್ವೈವಿಧ್ಯ. ಹಿಂದಿನ ಆವೃತ್ತಿಗಳಲ್ಲಿ ತಂಡಕ್ಕೆ ಒಂದೇ ಮೂಲವ್ಯೂಹವನ್ನು ಗೊತ್ತುಮಾಡಬೇಕಾಗಿತ್ತು. ಈಗ ಚೆಂಡು ನಮ್ಮಲ್ಲಿರುವಾಗ ಒಂದು ವ್ಯೂಹ, ಎದುರಾಳಿಯಲ್ಲಿರುವಾಗ ಇನ್ನೊಂದು ವ್ಯೂಹ ಎಂದು ಬೇರೆಬೇರೆಯಾಗಿ ರಚಿಸಬಹುದು. ರಕ್ಷಣೆಯ ಸಮಯದಲ್ಲಿ ನಾಲ್ವರ ಸಾಲಿನ ಅಂಚಿನಲ್ಲಿ ನಿಲ್ಲುವ ಆಟಗಾರ ಚೆಂಡು ಕೈವಶವಾದೊಡನೆ ನಡುಗಣದಲ್ಲಿ ಐದನೆಯವನಾಗಬಹುದು. ಮೈದಾನದಲ್ಲಿ ಇದು ಬಹುಕಾಲದಿಂದ ನಡೆದುಬಂದ ಪದ್ಧತಿ. ಕಬಡ್ಡಿಯಲ್ಲಿ ದಾಳಿಗೆ ಹೋದವನು ಮರಳಿದೊಡನೆ ಹಿಡಿಯುವವರ ಸರಪಣಿಯಲ್ಲಿ ತನ್ನ ಎಡೆಯನ್ನು ಸೇರಿಕೊಳ್ಳುವುದನ್ನು ನಮ್ಮ ವಿದ್ಯಾರ್ಥಿಗಳು ದಿನವೂ ಕಾಣುತ್ತಾರೆ. ಆಟಕ್ಕೆ ಇದು ಹೊಸದು, ಅನುಭವಕ್ಕೆ ಹಳೆಯದು.

ಎರಡನೆಯದು ಮಹಿಳಾ ಕಾಲ್ಚೆಂಡಾಟದ ಸೇರ್ಪಡೆ. ಅದನ್ನು ಸೇರಿಸುವ ಸಂಕಲ್ಪವನ್ನು ಸಂಸ್ಥೆ ೨೦೨೧ರಲ್ಲಿಯೇ ಪ್ರಕಟಿಸಿತ್ತು. ಕಾರ್ಯ ಕೈಗೂಡಲು ನಾಲ್ಕು ವರ್ಷಗಳು ಬೇಕಾದವು. ಹೊಸ ಚಿತ್ರಗಳನ್ನೂ ಚಲನೆಗಳನ್ನೂ ರಚಿಸುವುದು ಒಂದು ಕಷ್ಟವಾದರೆ, ಆಟಗಾರ್ತಿಯರ ಮಾಹಿತಿಕೋಶವನ್ನು ಬುಡದಿಂದ ಕಟ್ಟುವುದು ಇನ್ನೊಂದು. ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್.ಸಿ. ತಂಡ ೨೦೨೩ರಲ್ಲಿ ಭಾರತೀಯ ಮಹಿಳಾ ಲೀಗಿನ ಅಂತಿಮ ಪಂದ್ಯದವರೆಗೆ ಹೋಯಿತು. ಆ ಸುದ್ದಿಯನ್ನು ನಮ್ಮ ಕಾಲೇಜುಗಳಲ್ಲಿ ಎಷ್ಟು ಮಂದಿ ಓದಿದರೆಂದು ಕೇಳಿಕೊಂಡರೆ ಈ ಕಷ್ಟದ ಸ್ವರೂಪ ತಿಳಿದೀತು. ಯಾರ ಆಟವನ್ನು ಬರೆದಿಟ್ಟಿಲ್ಲವೋ ಅವರನ್ನು ಅಂಕಿಯಾಗಿ ಮಾಡುವುದು ಸುಲಭಸಾಧ್ಯವಲ್ಲ.

೪. ಮಾಹಿತಿಯ ಮೇರೆ

ಇಲ್ಲಿಗೆ ನಾವು ವಿಷಯದ ಮರ್ಮವನ್ನು ಮುಟ್ಟಿದಂತಾಯಿತು. ಈ ಆಟದ ಅಂಕಿಗಳು ಯಂತ್ರದಿಂದ ಹುಟ್ಟಿದವಲ್ಲ. ಆಯಾ ದೇಶಗಳಲ್ಲಿ ಪಂದ್ಯಗಳನ್ನು ನೋಡಿ ಅಭಿಪ್ರಾಯ ಬರೆದು ಕಳುಹಿಸುವ ವೀಕ್ಷಕರಿಂದ ಬಂದವು. ಇವುಗಳ ಮೌಲ್ಯ ಅಲ್ಪವಲ್ಲ. ಇಂಗ್ಲೆಂಡಿನ ಎವರ್ಟನ್ ಕ್ಲಬ್ಬು ಈ ಮಾಹಿತಿಕೋಶವನ್ನು ಆಟಗಾರರ ಶೋಧಕ್ಕಾಗಿ ಬಳಸಿಕೊಳ್ಳಲು ೨೦೦೮ರಲ್ಲಿ ಒಪ್ಪಂದ ಮಾಡಿಕೊಂಡಿತು. ಆದರೆ ವೀಕ್ಷಕನು ತಪ್ಪಿದರೆ ಯಂತ್ರವೂ ತಪ್ಪುತ್ತದೆ. ೨೦೦೧-೦೨ರ ಆವೃತ್ತಿಯಲ್ಲಿ ಪೋರ್ಚುಗಲ್ಲಿನ ಚಿಕ್ಕ ಕ್ಲಬ್ಬೊಂದರ ಪಟ್ಟಿಯಲ್ಲಿ 'ಟೊ ಮಡೇರಾ' ಎಂಬ ಅಸಾಧಾರಣ ಗೋಲುಗಾರನಿದ್ದನು. ಆಟವಾಡಿದವರು ಅವನನ್ನು ತಂಡಕ್ಕೆ ಕರೆತಂದು ಪ್ರಶಸ್ತಿಗಳನ್ನು ಗೆದ್ದರು. ನಿಜವಾದ ಮೈದಾನದಲ್ಲಿ ಅಂಥ ಗೋಲುಗಾರನೇ ಇರಲಿಲ್ಲ. ಅಮೆರಿಕದ ಫ್ರೆಡ್ಡಿ ಅಡು ಹದಿನಾಲ್ಕನೆಯ ವಯಸ್ಸಿನಲ್ಲಿಯೇ, ೨೦೦೪ರಲ್ಲಿ, ವೃತ್ತಿಪರ ಆಟಕ್ಕೆ ಇಳಿದವನು. ಆಟದಲ್ಲಿ ಅವನು ಮಹಾತಾರೆಯಾದನು. ಜೀವನದಲ್ಲಿ ಆ ಎತ್ತರವನ್ನು ಮುಟ್ಟಲಿಲ್ಲ.

ಇಲ್ಲದವನಿಗೆ ಅಂಕ ದೊರೆತದ್ದು ವಿನೋದದ ಪ್ರಸಂಗ. ಇದ್ದವನಿಗೆ ಅಂಕ ದೊರೆಯದಿರುವುದು ಗಂಭೀರವಾದದ್ದು. ೧೯೩೭ರಲ್ಲಿ ರೋವರ್ಸ್ ಕಪ್ಪನ್ನು ಗೆದ್ದು ಮರುವರ್ಷವೂ ಉಳಿಸಿಕೊಂಡ ಬೆಂಗಳೂರು ಮುಸ್ಲಿಮ್ಸ್ ತಂಡದ ಆಟಗಾರರನ್ನು ೨೦ರ ಮಾಪನದಲ್ಲಿ ಇಂದು ಅಳೆಯಬೇಕೆಂದರೆ ಯಾವ ಆಧಾರದಿಂದ ಅಳೆಯಬೇಕು? ಗೆಲುವಿನ ದಾಖಲೆ ಉಳಿದಿದೆ. ಯಾರು ಎಷ್ಟು ಓಡಿದರು, ಎಷ್ಟು ಸಲ ಚೆಂಡನ್ನು ಕಸಿದರು ಎಂಬುದನ್ನು ಆ ಕಾಲದಲ್ಲಿ ಎಣಿಸುವ ರೂಢಿಯಿರಲಿಲ್ಲ. ಪ್ರಶಸ್ತಿ ಗೆದ್ದವರ ಸ್ಥಿತಿಯೇ ಹೀಗಿರುವಲ್ಲಿ, ಗಜೇಂದ್ರಗಡದ ಗುಡ್ಡದ ಬುಡದ ಶಾಲೆಯ ಬಯಲಿನಲ್ಲಿ ಸಂಜೆ ಚೆಂಡೊದೆಯುವ ಹುಡುಗನನ್ನೋ ಹುಡುಗಿಯನ್ನೋ ಕುರಿತು ಹೇಳಬೇಕಾದುದೇನಿದೆ? ಅವರ ಹೆಸರಿನ ಮುಂದೆ ಕಡಿಮೆ ಅಂಕವಿದೆಯೆಂದಲ್ಲ, ಹೆಸರೇ ಪಟ್ಟಿಯಲ್ಲಿಲ್ಲ. ಇವೆರಡನ್ನೂ ಒಂದೇ ಎಂದು ಎಣಿಸುವುದು ಅಂಕಿಗಳನ್ನು ನಂಬುವವರು ಮಾಡಬಹುದಾದ ಅತ್ಯಂತ ದೊಡ್ಡ ತಪ್ಪು. ಶೂನ್ಯ ಬೇರೆ, ಖಾಲಿ ಬೇರೆ.

೫. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಹೊಸ ಅಂಗಗಳಲ್ಲಿ ಮುಖ್ಯವಾದವು ಆಟದ ಅಲಂಕಾರಗಳಷ್ಟೇ ಆಗಿಲ್ಲ. ವ್ಯವಸ್ಥಾಪಕನ ಕೆಲಸದಲ್ಲಿ ಹಿಂದೆ ಲೆಕ್ಕಕ್ಕೆ ಬಾರದೆ ಉಳಿದಿದ್ದ ಒಂದೊಂದು ಭಾಗವನ್ನು ಅವು ಲೆಕ್ಕಕ್ಕೆ ತಂದಿವೆ. ಆದರೆ ಲೆಕ್ಕ ಎಷ್ಟೇ ಸೂಕ್ಷ್ಮವಾದರೂ, ಕಣ್ಣಿಟ್ಟು ನೋಡಿ ಬರೆದಿಟ್ಟವರು ಇರುವಷ್ಟು ದೂರವೇ ಅದರ ದಾರಿ.

ಆದುದರಿಂದ ಅಧ್ಯಾಪಕರಿಗೆ ಒಂದು ಸೂಚನೆಯನ್ನು ಮಾಡಬಹುದು. ಈ ಆಟವನ್ನು ಕೊಳ್ಳದೆಯೇ ಇದರ ವಿದ್ಯೆಯನ್ನು ಕಲಿಸಲು ಸಾಧ್ಯವುಂಟು. ಅಂತರಕಾಲೇಜು ಪಂದ್ಯವೊಂದಕ್ಕೆ ಇಬ್ಬರು ವಿದ್ಯಾರ್ಥಿಗಳನ್ನು ನೋಟ್‌ಬುಕ್ಕಿನೊಡನೆ ಕಳುಹಿಸಿ, ಗೋಲಿನ ಕಡೆಗೆ ಒದೆದ ಪ್ರತಿಯೊಂದು ಚೆಂಡಿನ ದೂರವನ್ನೂ ಫಲವನ್ನೂ, ಪ್ರತಿಯೊಬ್ಬ ಆಟಗಾರನ ಗುಣಗಳಿಗೆ ೨೦ರೊಳಗಿನ ಅಂಕವನ್ನೂ, ಒಬ್ಬರದನ್ನು ಇನ್ನೊಬ್ಬರು ನೋಡದಂತೆ ಬರೆಯಿಸಬೇಕು. ಆಮೇಲೆ ಎರಡು ಪಟ್ಟಿಗಳನ್ನು ಹೋಲಿಸಬೇಕು. ಇಬ್ಬರ ಅಂಕಗಳ ನಡುವಣ ಅಂತರವೇ ಅವರ ಮೊದಲನೆಯ ಪಾಠ. ಒಂದು ಋತುವಿನ ಕೊನೆಗೆ ಆ ಪುಸ್ತಕ ತಾಲ್ಲೂಕಿನ ಆಟದ ದಾಖಲೆಯಾಗಿ ಪರಿಣಮಿಸುವುದು. ಕಬಡ್ಡಿಗೂ ಖೋಖೋಗೂ ಇದೇ ಕ್ರಮ ಸಲ್ಲುತ್ತದೆ.

ದ್ರೋಣಾಚಾರ್ಯರ ಶಿಷ್ಯರ ಪಟ್ಟಿಯಲ್ಲಿ ಏಕಲವ್ಯನ ಹೆಸರಿರಲಿಲ್ಲ. ಅವನ ವಿದ್ಯೆ ಆಚಾರ್ಯರಿಗೆ ತಿಳಿದದ್ದು ಕಾಡಿನಲ್ಲಿ ಅಕಸ್ಮಾತ್ತಾಗಿ ಅದನ್ನು ಕಣ್ಣಾರೆ ಕಂಡ ಪಾಂಡವರು ಬಂದು ಹೇಳಿದಾಗಲೇ. ನಮ್ಮ ಕಾಲದ ಪಟ್ಟಿ ಅಂದಿನದಕ್ಕಿಂತ ಬಹಳ ಉದ್ದವಾಗಿದೆ. ಅದರ ಹೊರಗುಳಿದವರನ್ನು ಹೋಗಿ ನೋಡಬೇಕಾದ ಕೆಲಸ ಮಾತ್ರ ಇಂದಿಗೂ ಮನುಷ್ಯನದಾಗಿಯೇ ಉಳಿದಿದೆ.