ಗೋಧಿಗೆ ದಾರಿಯಾದ ಈರಿ ಕಾಲುವೆ

ಅಮೆರಿಕದ ಈರಿ ಕಾಲುವೆ ಹಡ್ಸನ್ ನದಿ ದಂಡೆಯ ಆಲ್ಬನಿಯಿಂದ ಈರಿ ಸರೋವರದ ಬಫಲೋವರೆಗೆ 584 ಕಿ.ಮೀ. ಉದ್ದಕ್ಕೆ ತೋಡಿದ ಜಲಮಾರ್ಗ. ಅದಕ್ಕೂ ಮೊದಲು ಅಪಲಾಚಿಯನ್ ಬೆಟ್ಟಸಾಲಿನ ಆಚೆ ಫಲವತ್ತಾದ ನೆಲವಿದ್ದರೂ ಬೆಳೆಯನ್ನು ಕರಾವಳಿಯ ಪೇಟೆಗೆ ಮುಟ್ಟಿಸುವ ಅಗ್ಗದ ದಾರಿ ಇರಲಿಲ್ಲ. ಬಫಲೋದಿಂದ ನ್ಯೂಯಾರ್ಕ್ ನಗರಕ್ಕೆ ಗಾಡಿಯಲ್ಲಿ ಒಂದು ಟನ್ ಸರಕು ಸಾಗಿಸಲು ಸುಮಾರು 100 ಡಾಲರ್ ಬೇಕಿತ್ತು. ಗೋಧಿಗೆ ಸಿಗುವ ಬೆಲೆ ಬಾಡಿಗೆಗೂ ಸಾಲುತ್ತಿರಲಿಲ್ಲ.

ಕಾಲುವೆಯ ಯೋಚನೆಯನ್ನು ಪತ್ರಿಕೆಯಲ್ಲಿ ವಿವರವಾಗಿ ಬರೆದವನು ಜೆಸ್ಸಿ ಹಾಲಿ. ಸಾಲ ತೀರಿಸಲಾಗದೆ ಸೆರೆ ಸೇರಿದ್ದ ಹಿಟ್ಟಿನ ವ್ಯಾಪಾರಿ. ರಸ್ತೆ, ಕಾಲುವೆಗಳಿಗೆ ಕೇಂದ್ರದ ಹಣ ಒದಗಿಸುವ ಮಸೂದೆಯನ್ನು 1817ರಲ್ಲಿ ಅಧ್ಯಕ್ಷ ಮ್ಯಾಡಿಸನ್ ತಿರಸ್ಕರಿಸಿದರು. ಆಗ ನ್ಯೂಯಾರ್ಕ್ ರಾಜ್ಯವೇ ಸಾಲಪತ್ರ ಮಾರಿ ಹಣ ಎತ್ತಿತು. ಬೆನ್ನಿಗೆ ನಿಂತವರು ರಾಜ್ಯದ ಗವರ್ನರ್ ಡಿವಿಟ್ ಕ್ಲಿಂಟನ್. ವಿರೋಧಿಗಳು ಅದನ್ನು ‘ಕ್ಲಿಂಟನ್ನನ ಗುಂಡಿ’ ಎಂದು ಹಂಗಿಸಿದರೂ 1817ರ ಜುಲೈ 4ರಂದು ರೋಮ್ ಎಂಬ ಊರಲ್ಲಿ ಅಗೆತ ಶುರುವಾಯಿತು.

ತರಬೇತಾದ ಎಂಜಿನಿಯರುಗಳು ದೇಶದಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ. ಹೊಣೆ ಹೊತ್ತ ಬೆಂಜಮಿನ್ ರೈಟ್, ಜೇಮ್ಸ್ ಗೆಡಸ್ ಭೂಮಾಪನ ಬಲ್ಲವರು, ಅಷ್ಟೇ. ಅವರ ಕಿರಿಯ ಸಹಾಯಕ ಕ್ಯಾನ್ವಾಸ್ ವೈಟ್ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಕಾಲುವೆಗಳನ್ನು ನಡೆದೇ ನೋಡಿ ಬಂದ. ಕಟ್ಟೆಗಳಿಗೆ ಬೇಕಿದ್ದದ್ದು ನೀರೊಳಗೂ ಗಟ್ಟಿಯಾಗುವ ಗಾರೆ. ಸಾಮಾನ್ಯ ಸುಣ್ಣ ನೀರಿನಲ್ಲಿ ಕರಗಿಹೋಗುತ್ತದೆ. ಚಿಟನ್ಯಾಂಗೊ ಎಂಬ ಊರಿನ ಸುತ್ತಿನ ಸುಣ್ಣಕಲ್ಲನ್ನು ಸುಟ್ಟು ಪುಡಿಮಾಡಿದರೆ ಅಂಥ ಗಾರೆ ಸಿಗುತ್ತದೆಂದು ಅವನು ತೋರಿಸಿಕೊಟ್ಟ. ವಿದೇಶಿ ಸಿಮೆಂಟಿನ ಹಂಗು ತಪ್ಪಿತು. ಈ ಕಾಲುವೆಯೇ ಅಮೆರಿಕದ ಮೊದಲ ಎಂಜಿನಿಯರಿಂಗ್ ಶಾಲೆ ಎನ್ನಬೇಕು. ಅಗೆದವರಲ್ಲಿ ಐರಿಷ್ ವಲಸಿಗರು ಬಹಳ. ಮಾಂಟೆಜುಮಾ ಜೌಗಿನಲ್ಲಿ ಮಲೇರಿಯಾ ಅವರನ್ನು ಗುಂಪುಗುಂಪಾಗಿ ಮಲಗಿಸಿತು.

1825ರ ಅಕ್ಟೋಬರಿನಲ್ಲಿ ಕೆಲಸ ಮುಗಿದಾಗ ಕಾಲುವೆಯ ಅಗಲ 40 ಅಡಿ, ಆಳ 4 ಅಡಿ. ದೋಣಿಗಳನ್ನು ಮೆಟ್ಟಿಲುಮೆಟ್ಟಿಲಾಗಿ ಏರಿಳಿಸಲು 83 ಲಾಕ್‌ಗಳಿದ್ದವು. ದಂಡೆಯ ಮೇಲೆ ಕುದುರೆ, ಹೇಸರಗತ್ತೆಗಳು ಹಗ್ಗದಿಂದ ದೋಣಿ ಎಳೆಯುತ್ತಿದ್ದವು. ಸಾಗಣೆ ವೆಚ್ಚ ಟನ್ನಿಗೆ ಸುಮಾರು 10 ಡಾಲರಿಗೆ ಇಳಿಯಿತು. ಗೋಧಿ ಪೂರ್ವಕ್ಕೆ ಹರಿಯಿತು. ಬಟ್ಟೆ, ಕಬ್ಬಿಣ, ವಲಸಿಗರು ಪಶ್ಚಿಮಕ್ಕೆ. ರಾಚೆಸ್ಟರ್ ಹಿಟ್ಟಿನ ಗಿರಣಿಗಳ ಊರಾಯಿತು, ಬಫಲೋ ಧಾನ್ಯದ ಬಂದರಾಯಿತು, ನ್ಯೂಯಾರ್ಕ್ ಬಂದರು ಫಿಲಡೆಲ್ಫಿಯಾವನ್ನು ಹಿಂದಿಕ್ಕಿ ಬಹಳ ಮುಂದೆ ಹೋಯಿತು. ಈ ಏಳಿಗೆಗೆ ನೆಲ ತೆತ್ತವರು ಹೊಡೆನೊಶೋನಿ ಮೂಲನಿವಾಸಿಗಳು. ಕಾಲುವೆ ತಂದ ಜನಪ್ರವಾಹ ಅವರನ್ನು ಇನ್ನಷ್ಟು ಮೂಲೆಗೆ ತಳ್ಳಿತು.

ಸುಮಾರು 70 ಲಕ್ಷ ಡಾಲರ್ ವೆಚ್ಚವನ್ನು ದೋಣಿಗಳ ಸುಂಕವೇ ಸುಮಾರು ಹತ್ತು ವರ್ಷಗಳಲ್ಲಿ ತೀರಿಸಿತು. ದಟ್ಟಣೆ ತಡೆಯಲಾಗದೆ 1836ರಿಂದ ಕಾಲುವೆಯನ್ನು ಅಗಲಿಸಲಾಯಿತು. ಮುಂದೆ ರೈಲಿನ ಪೈಪೋಟಿ ಬಿಗಿಯಾದಾಗ, 1882ರಲ್ಲಿ, ರಾಜ್ಯ ಸುಂಕವನ್ನೇ ರದ್ದುಮಾಡಿತು.